ಪಟ್ಟಿಯಿಂದ ತೆಗೆದ ಸಾಲು

ಉಕ್ಕಿನ ಅಳತೆಕೋಲನ್ನು ಮೇಷ್ಟ್ರು ಮೊದಲು ತಮ್ಮ ಅಂಗೈಗಳ ನಡುವೆ ಉಜ್ಜಿ ಬೆಚ್ಚಗೆ ಮಾಡುತ್ತಿದ್ದರು. ಎಲುಬು ಎದ್ದುಕಾಣುವ ತೆಳ್ಳನೆಯ ಕೈಗಳು. ತಣ್ಣನೆಯ ಲೋಹ ತಾಗಿದರೆ ಜನ ಮೈ ಕುಗ್ಗಿಸುತ್ತಾರೆ, ಅಳತೆ ಕೆಡುತ್ತದೆ ಎನ್ನುತ್ತಿದ್ದರು. ಅಳೆದು ಮುಗಿದ ಮೇಲೂ ಆ ಜನರ ಕೆಲಸ, ಮನೆಯ ವಿಚಾರ ಕೇಳುತ್ತ ನಿಂತುಬಿಡುತ್ತಿದ್ದರು.

ಮೈಸೂರಿನ ವಯಸ್ಕರ ಎತ್ತರವೆಷ್ಟು, ಎರಡೂ ಪಕ್ಕಕ್ಕೆ ಚಾಚಿದ ತೋಳುಗಳ ಉದ್ದ ಬೆರಳ ತುದಿಯಿಂದ ತುದಿಗೆ ಎಷ್ಟು, ಸರಾಸರಿಯಲ್ಲಿ ಒಂದಕ್ಕೊಂದು ಹೇಗೆ ಹೊಂದುತ್ತವೆ ಎಂಬುದು ಅವರ ಅಧ್ಯಯನ. ನಾನು ಅವರ ಸಂಶೋಧನಾ ವಿದ್ಯಾರ್ಥಿ. ಉದಯಗಿರಿಯಲ್ಲಿ ನಾನು ಅಳೆದ ಒಬ್ಬ ಮೆಕ್ಯಾನಿಕ್‌ನ ತೋಳುಗಳ ಉದ್ದ ಅವನ ಎತ್ತರಕ್ಕಿಂತ ಹನ್ನೆರಡು ಸೆಂಟಿಮೀಟರ್ ಹೆಚ್ಚಿತ್ತು. ಕೋಲು ಹಿಡಿಯುವುದರಲ್ಲಿ ನಾನೇ ತಪ್ಪಿದೆನೆಂದುಕೊಂಡೆ. ಸರಾಸರಿ ಕೆಡಬಾರದೆಂದು ಕಂಪ್ಯೂಟರಿನಲ್ಲಿ ಆ ಸಾಲನ್ನೇ ಅಳಿಸಿದೆ.

ಮೂರು ವಾರದ ನಂತರ ಮೇಷ್ಟ್ರು ಅಳತೆ ಬರೆದುಕೊಂಡಿದ್ದ ಹಾಳೆಗಳನ್ನು ಕೈಯಲ್ಲೇ ಎಣಿಸಿದರು. ಕಂಪ್ಯೂಟರಿನ ಪಟ್ಟಿಯಲ್ಲಿ ಒಬ್ಬ ಕಡಿಮೆ. ಆ ಹಾಳೆ ಹುಡುಕಿ ಬಹಳ ಹೊತ್ತು ನೋಡಿದರು. ಗದರಲಿಲ್ಲ.

"ಈತನಿಗೆ ಎದೆನೋವು, ಸುಸ್ತು ಏನಾದ್ರೂ ಇದ್ಯಾ ಅಂತ ಕೇಳಿದ್ಯೇನಪ್ಪ?"

ಕೇಳಿರಲಿಲ್ಲ. ತೋಳುಗಳು ಹೀಗೆ ಉದ್ದವಿರುವ ಕೆಲವರಲ್ಲಿ ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ದುರ್ಬಲವಾಗಿರುತ್ತದೆಂದು ಉದಯಗಿರಿಗೆ ಆಟೋದಲ್ಲಿ ಹೋಗುತ್ತ ಹೇಳಿದರು.

ಮೆಕ್ಯಾನಿಕ್ ಲಾರಿಯ ಅಡಿಯಿಂದ ಹೊರಬಂದು ನಕ್ಕ. "ಈ ಕೈಯಿಂದಾನೇ ನನ್ ಅನ್ನ ಸಾರ್. ಬೇರೆಯೋರು ಇಂಜಿನ್ ಇಳಿಸ್ಬೇಕು, ನಾನು ಹಂಗೇ ಕೈ ಹಾಕಿ ನಟ್ ಬಿಚ್ಬುಡ್ತೀನಿ."

ಮೇಷ್ಟ್ರು ಮತ್ತೆ ಅಳೆದರು. ನನ್ನ ಅಳತೆ ಸರಿಯಾಗಿಯೇ ಇತ್ತು. "ನಮ್ಮಿಂದ ತಪ್ಪಾಯ್ತು ಕಣಪ್ಪ, ತಡವಾಗಿ ಬಂದ್ವಿ," ಎಂದು ಅವನನ್ನು ತಾವೇ ಹೃದ್ರೋಗ ತಜ್ಞರ ಬಳಿಗೆ ಕರೆದೊಯ್ದರು. ರಕ್ತನಾಳ ಊದಿಕೊಂಡು ಒಡೆಯುವ ಹಂತದಲ್ಲಿತ್ತು. ಶಸ್ತ್ರಚಿಕಿತ್ಸೆಯಾಯಿತು; ಬದುಕಿದ. ಅಳಿಸಿದವನು ನಾನೆಂದು ಮೇಷ್ಟ್ರು ಯಾರಿಗೂ ಹೇಳಲಿಲ್ಲ.

ಕಳೆದ ವರ್ಷ, ಪಾಠ ಮಾಡುತ್ತಿರುವಾಗಲೇ ಹೃದಯಾಘಾತವಾಗಿ ಅವರು ತೀರಿಕೊಂಡರು. ಅದಕ್ಕೆ ಕೆಲವು ದಿನ ಮೊದಲಿನಿಂದ ಎದೆಯುರಿ ಎನ್ನುತ್ತ ಅಸಿಡಿಟಿ ಮಾತ್ರೆ ನುಂಗುತ್ತಿದ್ದರು.

ಹನ್ನೊಂದನೆಯ ದಿನ ಕಳೆದ ಮೇಲೆ ನಾನು ಆ ಮೆಕ್ಯಾನಿಕ್‌ನ ಗ್ಯಾರೇಜಿಗೆ ಹೋದೆ. ಸಾವಿನ ಸುದ್ದಿ ತಿಳಿಸಿದೆ. ಅಂದು ಸಾಲು ಅಳಿಸಿ ಮೂರು ವಾರ ತಡಮಾಡಿದವನು ನಾನೆಂದೂ ಒಪ್ಪಿಕೊಂಡೆ. ಆತ ಆ ಮಾತನ್ನು ಕಿವಿಗೆ ಹಾಕಿಕೊಂಡಂತೆ ಕಾಣಲಿಲ್ಲ. ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು ಕೇಳಿದ:

"ಅವ್ರನ್ನ ಯಾರೂ ಡಾಕ್ಟ್ರ ಹತ್ರ ಕರ್ಕೊಂಡು ಹೋಗ್ಲಿಲ್ವಾ ಸಾರ್?"

ಆ ದಿನಗಳಲ್ಲಿ ಬೆಳಗಿನಿಂದ ಸಂಜೆಯವರೆಗೆ ಅವರ ಎದುರಿಗೆ ಕೂರುತ್ತಿದ್ದವನು ನಾನು.