ಆದೆಪ್ಪ ಹುಡುಕಿದ ತುಂಬಿದ ಕೆರೆ

ಮಟಮಾರಿಯ ಆದೆಪ್ಪ ಜ್ವರದಿಂದ ಬದುಕಿ ಎದ್ದರೆ ತುಂಬಿದ ಕೆರೆಗೆ ಉಡಿ ತುಂಬುತ್ತೇನೆಂದು ಹೆಂಡತಿ ತಾಯಮ್ಮ ಹರಕೆ ಹೊತ್ತಿದ್ದಳು. ಆದೆಪ್ಪ ಎದ್ದ. ತುಂಬಿದ ಕೆರೆ ಮಾತ್ರ ಸಿಗಲಿಲ್ಲ. ಕೆರೆಗೆ ಬಾಗಿನದಂತೆ ಅರ್ಪಿಸಲು ಖಣ, ಬಳೆ, ಕೊಬ್ಬರಿ ಗಂಟು ಕಟ್ಟಿಕೊಂಡು ಇಬ್ಬರೂ ಮೊಪೆಡ್ ಏರಿ ಊರೂರು ಅಲೆದರು. ಆ ಗಾಡಿ ದೇವದುರ್ಗದಲ್ಲಿ ಕೆಮ್ಮಿದರೆ ಮಾನ್ವಿಯ ನಾಯಿಗಳು ಎದ್ದು ಕೂಡುತ್ತಿದ್ದವು. ಒಂದು ಕೆರೆಯಲ್ಲಿ ಜಾಲಿ ಎಷ್ಟು ದಟ್ಟವಾಗಿತ್ತೆಂದರೆ, ಒಳಗೆ ಹೋದ ಮೇಕೆಮರಿ ಮುದಿಯಾಗಿ ಹೊರಬಂತು. ಇನ್ನೊಂದರಲ್ಲಿ ಕ್ರಿಕೆಟ್ ನಡೆದಿತ್ತು.

ಈ ಶ್ರಾವಣದಲ್ಲಿ ಮಾನ್ವಿ ದಾಟಿದ ಮೇಲೆ ಆದೆಪ್ಪನಿಗೆ ಆಕಾಶದಷ್ಟು ಅಗಲದ ನೀರು ಕಂಡಿತು.

"ಇಳಿ, ಕೆರಿ ಸಿಕ್ತು," ಎಂದ.

ತಾಯಮ್ಮ ತಲೆ ಮೇಲೆ ಸೆರಗು ಹೊದ್ದು, ದಂಡೆಯಲ್ಲಿ ಕೂತು ನೀರಿಗೆ ಕೈಯಿಟ್ಟಳು. ಸಾಲುಸಾಲಾಗಿ ಭತ್ತದ ಸಸಿ ತಾಗಿದವು.

"ಇಲ್ಲಿ ನಾಟಿ ಹಚ್ಚ್ಯಾರಲ್ಲರೀ. ನಿಮ್ಮ ಕಣ್ಣಿಗಿ ಜ್ವರ ಇನ್ನಾ ಬಿಟ್ಟಿಲ್ಲೇನು?"

"ಮೊದಲು ಇದು ಕೆರಿನ ಇತ್ತು. ಏರಿ ಇನ್ನಾ ಅದ ನೋಡು. ಇಲ್ಲೇ ತುಂಬಿಬಿಡು."

"ಹರಕಿ ಹೊತ್ತದ್ದು ಕೆರಿಗಿ. ಯಾರದೋ ಹೊಲಕ್ಕ ಹೆಂಗ ತುಂಬ್ಲಿ?"

"ದೇವದುರ್ಗದ ಜಾಲಹಳ್ಳಿ ಕಡಿ ಇನ್ನೊಂದು ಅದ ಅಂತಾರ."

"ಅದನ್ನೂ ನೋಡಿ ಬಂದೀವಿ. ಮನಿಗಿ ನಡೀರಿ."

ಆದೆಪ್ಪ ಗಾಡಿ ತಿರುಗಿಸಿದ. ಆಮೇಲೆ ಅವರು ಕೆರೆ ಹುಡುಕಿಕೊಂಡು ಹೊರಡಲಿಲ್ಲ; ಹರಕೆಯ ಗಂಟು ಕಟ್ಟಿದಂತೆಯೇ ಉಳಿಯಿತು.