ಒಂದು ಚುಕ್ಕಿ ಬಿಟ್ಟಿದ್ದಕ್ಕೆ ಶುರುವಾದ ಬ್ಲಾಗ್

೨೦೧೧ರಲ್ಲಿ ನಾನು ಪೀಣ್ಯದ ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ ಸಿಎನ್‌ಸಿ ಪ್ರೋಗ್ರಾಮರ್ ಆಗಿ ಪ್ರೊಬೇಷನ್‌ನಲ್ಲಿದ್ದೆ. ಅದಕ್ಕೂ ಮೊದಲು ಹನ್ನೊಂದು ವರ್ಷ ಅಲ್ಲೇ ಇನ್‌ಸ್ಪೆಕ್ಷನ್ ಟೇಬಲಿನಲ್ಲಿ ಅಳತೆ ನೋಡುತ್ತಿದ್ದವಳು. ಸಿಎನ್‌ಸಿ ಎಂದರೆ ಕಂಪ್ಯೂಟರ್ ಹೇಳಿದಂತೆ ಲೋಹ ಕೊರೆಯುವ ಯಂತ್ರ. ಅದರ ಕೊರೆಯುವ ಟೂಲ್ ಎಲ್ಲಿಗೆ ಹೋಗಬೇಕು, ಎಷ್ಟು ಮೇಲೇಳಬೇಕು ಎಂಬುದನ್ನು ಸಾಲು ಸಾಲಾಗಿ ಕೋಡಿನಲ್ಲಿ ಬರೆಯಬೇಕು. ಹಳೆಯ ಪ್ರೋಗ್ರಾಮರ್ ಕೆಲಸ ಬಿಟ್ಟಾಗ, ಅವರ ಪಕ್ಕ ನಿಂತು ಕಲಿತಿದ್ದ ನನಗೆ ಆರು ತಿಂಗಳ ಅವಕಾಶ ಕೊಟ್ಟರು. ನಲವತ್ತರ ಹೆಂಗಸಿಗೆ ಇದೆಲ್ಲ ಆಗುತ್ತದೆಯೇ ಎಂಬ ಕ್ಯಾಂಟೀನಿನ ಮಾತು ನನ್ನ ಕಿವಿಗೂ ಬಿದ್ದಿತ್ತು.

ಎರಡನೆಯ ತಿಂಗಳ ಒಂದು ಬೆಳಗ್ಗೆ ಹೊಸ ಭಾಗವೊಂದಕ್ಕೆ ನಾನೇ ಪ್ರೋಗ್ರಾಮ್ ಬರೆದೆ. ಅವಸರದ ಆರ್ಡರ್. ಟೂಲನ್ನು ಖಾಲಿ ಓಡಿಸಿ ಪರೀಕ್ಷಿಸುವ ಡ್ರೈ ರನ್ ಮಾಡದೆ ಯಂತ್ರವನ್ನು ಬಸವರಾಜನಿಗೆ ಒಪ್ಪಿಸಿದೆ. ಗದಗದ ಕಡೆಯ ಗುತ್ತಿಗೆ ಆಪರೇಟರ್. ಹೆಂಡತಿ, ಮಗುವಿನೊಂದಿಗೆ ಲಗ್ಗೆರೆಯ ಒಂದು ಕೋಣೆಯಲ್ಲಿದ್ದ.

ನಾನು ಹತ್ತು ಹೆಜ್ಜೆ ಹೋಗಿರಲಿಲ್ಲ, ಎದೆ ನಡುಗಿಸುವ ಸದ್ದು. ಟೂಲ್ ಮುರಿದು ಚೂರು ಯಂತ್ರದ ಬಾಗಿಲಿನ ಗಾಜಿಗೆ ಹೊಡೆದಿತ್ತು. ಗಾಜು ಬಿರಿದದ್ದು ಸರಿಯಾಗಿ ಬಸವರಾಜನ ಮುಖದ ಎತ್ತರದಲ್ಲಿ. ಅವನ ಬೆರಳು ಇನ್ನೂ ಬಟನ್ ಮೇಲೇ ಇತ್ತು.

“ಅಕ್ಕಾರ, ನಾ ಏನೂ ಮುಟ್ಟಿಲ್ರೀ. ಸ್ಟಾರ್ಟ್ ಅಷ್ಟ ಒತ್ತೀನ್ರೀ.”

ಓಡಿ ಬಂದ ಮ್ಯಾನೇಜರ್ ಅವನ ಮಾತು ಕೇಳಲಿಲ್ಲ. “ಆಪರೇಟರ್ ಮಿಸ್ಟೇಕ್ ಅಂತ ರಿಪೋರ್ಟ್ ಬರೀರಿ ಮೇಡಂ. ಇವನನ್ನ ಇವತ್ತೇ ಕಳಿಸ್ಬಿಡ್ತೀನಿ,” ಎಂದು ಅವನನ್ನು ಆಫೀಸಿಗೆ ಕರೆದೊಯ್ದರು.

ಪರದೆ ನೋಡಿದೆ. ಟೂಲನ್ನು ಮೇಲೆತ್ತುವ ಸಾಲಿನಲ್ಲಿ Z100 ಎಂದಿತ್ತು. ನೂರರ ನಂತರ ದಶಮಾಂಶದ ಚುಕ್ಕಿ ಇರಲಿಲ್ಲ. ಚುಕ್ಕಿಯಿಲ್ಲದ ಸಂಖ್ಯೆಯನ್ನು ಆ ಯಂತ್ರ ಮಿಲಿಮೀಟರ್ ಎಂದಲ್ಲ, ಅದರ ಸಾವಿರದ ಒಂದು ಭಾಗವಾದ ಮೈಕ್ರಾನ್ ಎಂದು ಓದುತ್ತದೆ. ನೂರು ಮಿಲಿಮೀಟರ್ ಮೇಲೇಳಬೇಕಿದ್ದ ಟೂಲ್ ಕೂದಲೆಳೆಯಷ್ಟು ಎದ್ದು, ಪೂರ್ಣ ವೇಗದಲ್ಲಿ ಅಡ್ಡ ಓಡಿ, ಲೋಹದ ತುಂಡನ್ನು ಹಿಡಿದಿದ್ದ ಕ್ಲಾಂಪಿಗೆ ಗುದ್ದಿತ್ತು.

ಆ ಪಾಳಿಯಲ್ಲಿ ಕೋಡ್ ಓದಬಲ್ಲವಳು ನಾನೊಬ್ಬಳೇ. ಈಗ ಚುಕ್ಕಿ ಸೇರಿಸಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಬೆರಳು ಕೀಲಿಯ ಮೇಲೆ ಹೋಯಿತು. ಎಷ್ಟು ಹೊತ್ತು ಹಾಗೆ ನಿಂತೆನೋ ತಿಳಿಯದು. ಆಫೀಸಿನ ಗಾಜಿನ ಗೋಡೆಯಾಚೆ ಬಸವರಾಜ ಗೇಟ್ ಪಾಸಿನ ದಾರವನ್ನು ಕುತ್ತಿಗೆಯಿಂದ ತೆಗೆಯುತ್ತಿದ್ದ.

ಕೀಲಿ ಒತ್ತದೆ ಆಫೀಸಿಗೆ ಹೋದೆ. “ಸಾರ್, ತಪ್ಪು ನಂದು. ಚುಕ್ಕಿ ಬಿಟ್ಬಿಟ್ಟಿದೀನಿ. ಪ್ರೋಗ್ರಾಮ್ ಹಾಗೇ ಇದೆ, ಬಂದು ನೋಡಿ.”

ಮ್ಯಾನೇಜರ್ ಬಂದು ನೋಡಿದರು, ಬೈಯಲೂ ಇಲ್ಲ. ಬಸವರಾಜ ಉಳಿದ. ನನ್ನನ್ನು ಮರುದಿನವೇ ಇನ್‌ಸ್ಪೆಕ್ಷನ್ ಟೇಬಲಿಗೆ ಕಳಿಸಿದರು; ಮತ್ತೆ ಕೋಡ್ ಮುಟ್ಟಲು ಒಂದು ವರ್ಷ ಹಿಡಿಯಿತು.

ಆ ವಾರ ಬಸವರಾಜ ಟೇಬಲಿನ ಬಳಿ ಬಂದು, “ಚುಕ್ಕಿ ಅಂದ್ರ ಏನ್ರೀ ಅದು? ನನಗ ಆ ಕೋಡ್ ಓದಾಕ ಬಂದಿದ್ರ ನಾನ ಹಿಡೀತಿದ್ದೆ,” ಎಂದ. ಆ ಮಾತು ಚುಚ್ಚಿತು. ಯಂತ್ರದ ಮ್ಯಾನುವಲ್ ಇದ್ದದ್ದು ಇಂಗ್ಲಿಷಿನಲ್ಲಿ, ಅದೂ ಬೀರುವಿನೊಳಗೆ. ಭಾನುವಾರ ಸೈಬರ್ ಸೆಂಟರಿನಲ್ಲಿ ಕುಳಿತು, ಕೋಡ್ ಓದುವುದನ್ನು ಕಲಿಸಲು ಕನ್ನಡದಲ್ಲಿ ಬ್ಲಾಗ್ ತೆರೆದೆ. ಮೊದಲ ಬರಹ ನನ್ನ ತಪ್ಪಿನದೇ. ಅದನ್ನು ಪೋಸ್ಟ್ ಮಾಡುವಾಗ ಆಫೀಸಿಗೆ ಹೋದಾಗಿನಷ್ಟೇ ಭಯವಾಗಿತ್ತು.

ನಾಲ್ಕನೆಯ ಬರಹಕ್ಕೆ ಬಸವರಾಜನೇ ಕಮೆಂಟ್ ಹಾಕಿದ: ಕೋಡಿನ ಏಳನೆಯ ಸಾಲು ತಪ್ಪಿದೆ, ಟೂಲ್ ಬಡಿಯುತ್ತದೆ. ನೋಡಿದೆ, ನಿಜ. ಪೂರ್ತಿ ಬಲ್ಲವಳಾದ ಮೇಲೆ ಬರೆಯೋಣ ಎಂದು ಕಾದಿದ್ದರೆ ಅವನು ಓದಲು ಕಲಿಯುತ್ತಿರಲಿಲ್ಲ, ನನ್ನನ್ನು ತಿದ್ದುವವರೂ ಇರುತ್ತಿರಲಿಲ್ಲ. ಅರೆಬರೆ ಗೊತ್ತಿದ್ದಾಗಲೇ, ತಪ್ಪು ಮುಚ್ಚಿಡದೆ, ಹಂಚಿಕೊಳ್ಳಬೇಕು; ಈ ಬ್ಲಾಗ್ ನನಗೆ ಕಲಿಸಿದ್ದು ಅದನ್ನೇ.