ಗುರುಮಾಮಾನ ಬಲಗಿವಿ

ಗುರುಮಾಮಾ ಹಾಡು ಕೇಳುವ ಮುಂಚೆ ಕಿವಿ ತೊಳೆಯುತ್ತಿದ್ದರು. ಸೋಪು ಹಚ್ಚಿ, ಕಿವಿಯ ಹಿಂದೆಲ್ಲ ಉಜ್ಜಿ, ಹಳೇ ಪಂಚೆಯ ತುಂಡಿನಿಂದ ಒರೆಸಿ, ಫ್ಯಾನಿನ ಕೆಳಗೆ ಕೂತು ಒಣಗಿಸಿಕೊಂಡ ಮೇಲೆಯೇ ಹೆಡ್‌ಫೋನಿನ ಪೆಟ್ಟಿಗೆ ತೆರೆಯುವುದು. ತಲೆಗೆ ಎಣ್ಣೆ ಹಚ್ಚಿಕೊಂಡ ದಿನ ಸಂಗೀತಕ್ಕೆ ರಜೆ. "ಭಾರೀ ಮಡಿ ನಿಮ್ದು" ಎಂದು ನಾನು ಚೇಷ್ಟೆ ಮಾಡಿದರೆ, "ದೇವರಿಗೆ ಎಣ್ಣಿ ಹತ್ತಿದ್ರ ನಡೀತದ ತಂಗಿ, ಇದರ ಕಿವಿಮೆತ್ತಿಗೆ ಹತ್ತಿದ್ರ ನಡ್ಯೂದಿಲ್ಲ" ಎನ್ನುತ್ತಿದ್ದರು.

ಮಾಮಾ ಅಂದರೆ ನನ್ನ ಅವ್ವನ ತಮ್ಮ, ಧಾರವಾಡದವರು. ವಿಜಯವಾಡದ ಹತ್ತಿರ ಇಬ್ರಾಹಿಂಪಟ್ನಂನ ವಿದ್ಯುತ್ ಸ್ಥಾವರಕ್ಕೆ ಇಂಜಿನಿಯರಾಗಿ ಹೋದವರು ಅಲ್ಲಿಯೇ ಪದ್ಮತ್ತೆಯನ್ನು ಮದುವೆಯಾಗಿ, ಅರ್ಧ ತೆಲುಗಿನವರಾಗಿ ಉಳಿದರು. ಟರ್ಬೈನಿನ ಗದ್ದಲದಲ್ಲೇ ಅವರ ನೌಕರಿ ಮುಗಿಯಿತು. ಜೊತೆಗಾರರು ಒಬ್ಬೊಬ್ಬರಾಗಿ ಕಿವಿ ಮಂದವಾಗಿ, ಮನೆಯಲ್ಲೂ ಕೂಗಿ ಮಾತಾಡುವವರಾದದ್ದನ್ನು ಅವರು ಕಣ್ಣಾರೆ ಕಂಡಿದ್ದರು. ತಾವು ಮಾತ್ರ ಕಿವಿಗೆ ರಕ್ಷಣೆಯಿಲ್ಲದೆ ಒಳಗೆ ಕಾಲಿಟ್ಟವರಲ್ಲ. ಆ ಮನುಷ್ಯನಿಗೆ ಹಾವಿನ ಭಯವಿರಲಿಲ್ಲ, ಮೇಲಧಿಕಾರಿಯ ಭಯವಂತೂ ಇರಲೇ ಇಲ್ಲ. ಇದ್ದದ್ದು ಒಂದೇ, ಕಿವಿ ಹೋದರೆ ಏನು ಗತಿ ಎಂಬುದು.

ಹಾಗೆ ಉಳಿಸಿಕೊಂಡ ಕಿವಿಗೆ ನಿವೃತ್ತಿಯ ದಿನ ತಾವೇ ಒಂದು ಉಡುಗೊರೆ ಕೊಟ್ಟುಕೊಂಡರು. ಅದೇ ಆ ಹೆಡ್‌ಫೋನು. ಅದರ ಬೆಲೆ ಪದ್ಮತ್ತೆಗೆ ಇವತ್ತಿಗೂ ಗೊತ್ತಿಲ್ಲ. ನಾನೂ ಕೇಳಿಲ್ಲ, ಸುಮ್ಮನೆ ಹೊಟ್ಟೆ ಯಾಕೆ ಉರಿಸಿಕೊಳ್ಳಲಿ? ಸ್ಥಾವರದ ಕಡೆಯಿಂದ ಬರುವ ಕಲ್ಲಿದ್ದಲಿನ ಹಾರುಬೂದಿ ತಾಗದಂತೆ ಅದಕ್ಕೆ ಎರಡು ಹೊದಿಕೆ, ಧೂಳು ತೆಗೆಯಲು ಮೆತ್ತನೆಯ ಬ್ರಷ್ಷು. ಎಡದ್ದು ಎಡಕ್ಕೇ, ಬಲದ್ದು ಬಲಕ್ಕೇ. ಇನ್ನೊಬ್ಬರ ತಲೆಗೆ ಅದನ್ನು ಏರಿಸುವ ಮಾತೇ ಇಲ್ಲ. "ಹಲ್ಲುಜ್ಜೂ ಬ್ರಷ್ ಯಾರಿಗರೆ ಕೊಡ್ತೀಯೇನು?" ಎಂದು ಕೇಳಿ ನನ್ನ ಬಾಯಿ ಮುಚ್ಚಿಸಿದ್ದರು.

ನನ್ನ ಗಂಡನ ನೌಕರಿ ವಿಶಾಖಪಟ್ಟಣದಲ್ಲಿ. ಅಲ್ಲಿನ ಗಾಜುವಾಕ ಬಡಾವಣೆಯ ನಮ್ಮ ಮೇಲಿನ ಮನೆ ಖಾಲಿಯಾದಾಗ ಮಾಮಾ, ಅತ್ತೆ ಅಲ್ಲಿಗೆ ಬಂದರು. ನನಗೆ ತವರೇ ಬಂದಷ್ಟು ಖುಷಿ. ಮಾಮಾ ಸಂಜೆ ಕಿಟಕಿ ತೆರೆದಿಟ್ಟು, ಸಮುದ್ರದ ಗಾಳಿಗೆ ಮೈಯೊಡ್ಡಿ, ಕಣ್ಣು ಮುಚ್ಚಿ ಹಾಡು ಕೇಳುತ್ತಿದ್ದರು.

ಮರುವರ್ಷ ಅವರು ಯಾಕೋ ಸಪ್ಪಗಾದರು. ಊಟಕ್ಕೆ ಕೂತರೆ ಎಲ್ಲರನ್ನೂ ತಮ್ಮ ಎಡಗಡೆ ಕೂರಿಸಿಕೊಳ್ಳುವರು. ಬಲಗಡೆಯ ಕುರ್ಚಿಯನ್ನು ಗೋಡೆಗೆ ಸರಿಸಿಬಿಟ್ಟರು. ಹಾಡು ಕೇಳುವುದೂ ಕಡಿಮೆಯಾಯಿತು. ಅತ್ತೆ ಕೇಳಿದರೆ ಸಿಡುಕು.

ಒಂದು ಸಂಜೆ ಪೆಟ್ಟಿಗೆ ಹಿಡಿದುಕೊಂಡು ಕೆಳಗೆ ಬಂದರು.

"ಇದನ್ನ ನೀ ಇಟ್ಕೋ. ನನ್ನ ಬಲಗಿವಿ ಹೋಗ್ಯದ."

"ಯಾರು ಹೇಳಿದ್ರು? ಡಾಕ್ಟರ್ ಕಡೆ ಹೋಗಿದ್ರೇನು?"

"ಡಾಕ್ಟರ್ ಏನು ಹೇಳ್ತಾನ ನನಗ ಗೊತ್ತದ. ಹಾಡಿನ್ಯಾಗ ತಬಲಾದಾಂವ ಬಲಕ್ಕ ಕೂತಿರ್ತಿದ್ದ. ದಿನಾ ಒಂದಿಷ್ಟು ದೂರ ಸರದಾನ. ಈಗ ಎದ್ದು ಅಂಗಳಕ್ಕ ಹೋಗ್ಯಾನ."

ನನಗೆ ಅಳುವೇ ಬಂತು. ಅವರೆದುರು ಅತ್ತರೆ ಇನ್ನೂ ಕುಗ್ಗುತ್ತಾರೆಂದು, "ಹಂಗಾರ ಈಗಲೇ ಕೇಳ್ತೀನಿ, ಕೊಡ್ರಿ" ಎಂದೆ. ಆ ಸಂಕಟದಲ್ಲೂ ಅವರು, "ತಲಿಗೆ ಎಣ್ಣಿ ಇಲ್ಲಲ್ಲ?" ಎಂದು ಕೇಳಿದರು. ನಾನು ಹೋಗಿ ಕಿವಿ ತೊಳೆದುಕೊಂಡು ಬಂದೆ.

ಮಾಮಾ ತಾವೇ ನನ್ನ ತಲೆಗೆ ಹೆಡ್‌ಫೋನು ಏರಿಸಿ ಹಾಡು ಹಚ್ಚಿದರು. ಎಡಗಿವಿಯಲ್ಲಿ ತಂಬೂರಿ ತುಂಬಿ ನಿಂತಿತು. ಬಲಕ್ಕೆ ತಬಲಾ ಎಲ್ಲೋ ಪಕ್ಕದ ಬೀದಿಯಲ್ಲಿ ಬಾರಿಸಿದಂತೆ ಕ್ಷೀಣವಾಗಿತ್ತು.

"ಮಾಮಾ, ನನಗೂ ಬಲಗಡೆ ಕೇಳವಲ್ದು."

"ನನ್ನ ಸಮಾಧಾನಕ್ಕ ಸುಳ್ಳು ಹೇಳಬ್ಯಾಡ."

"ಸುಳ್ಳಲ್ರಿ. ತಿರುವಿ ಹಾಕ್ಕೊಂಡು ನೋಡ್ರಿ, ಎಡದ್ದು ಬಲಕ್ಕ."

ಚಪ್ಪಲಿ ಅದಲುಬದಲು ಮಾಡಿ ಮೆಟ್ಟಿಕೊಳ್ಳಿ ಎಂದಂತೆ ನನ್ನನ್ನು ದಿಟ್ಟಿಸಿದರು. ನಾನೂ ಅವರ ಸೊಸೆಯೇ, ಬಿಡಲಿಲ್ಲ. ಕೊನೆಗೆ ತಿರುವಿ ಹಾಕಿಕೊಂಡು ಕಣ್ಣು ಮುಚ್ಚಿದರು. ಮುಖ ಬಿಳುಚಿತು.

"ಎಡಗಿವೀನೂ ಹೋತು," ಎಂದರು. ಮರುಕ್ಷಣವೇ ಕೈಯೆತ್ತಿ ನನ್ನನ್ನು ತಡೆದರು. "ತಡಿ. ಬಲಗಿವ್ಯಾಗ ತಂಬೂರಿ ಅದ."

ಹಾಗೇ ಕೂತುಬಿಟ್ಟರು. ಮುಚ್ಚಿದ ಕಣ್ಣಿಂದ ನೀರು ಇಳಿಯುತ್ತಿತ್ತು, ತುಟಿ ಮಾತ್ರ ನಗುತ್ತಿತ್ತು. ಅಷ್ಟರಲ್ಲಿ ಪದ್ಮತ್ತೆ ಮೇಲಿನಿಂದ, ಕಾಫಿ ಆರುತ್ತಿದೆ, ಕೇಳಿಸುತ್ತಿದೆಯಾ ಎಂದು ಕೂಗಿದರು: "ಏಮಂಡೀ, ವಿನಿಪಿಸ್ತೋಂದಾ?" ಮಾಮಾ ಹೆಡ್‌ಫೋನು ತೆಗೆದು, "ವಿನಿಪಿಸ್ತೋಂದಿ ಪದ್ಮಾ, ಬಾಗಾ ವಿನಿಪಿಸ್ತೋಂದಿ" ಎಂದರು. ಕೇಳಿಸುತ್ತಿದೆ, ಚೆನ್ನಾಗಿ ಕೇಳಿಸುತ್ತಿದೆ ಎಂದು ಮತ್ತೆ ಮತ್ತೆ ಹೇಳಿದರು. ಕಾಫಿಗೆ ಇಷ್ಟು ಪ್ರೀತಿಯ ಉತ್ತರ ಅತ್ತೆಗೆ ಎಂದೂ ಸಿಕ್ಕಿರಲಾರದು.

ಬಲಗಡೆಯ ವಯರನ್ನು ಹೆಡ್‌ಫೋನಿನಿಂದ ಬಿಚ್ಚಿ ನೋಡಿದರೆ, ಅದರ ಪಿನ್ನಿಗೆ ಪೂಜೆಯ ತಂಬಿಗೆಗೆ ಹಿಡಿಯುವಂಥ ಹಸಿರು ಕಿಲುಬು. ಅತ್ತೆಯ ಹೂಬತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಮಾಮಾ ಅದನ್ನು ತಿಕ್ಕಿದರು. ತಬಲಾದವನು ವಾಪಸು ಬಂದು ಕೂತ.

"ಬೂದಿಯಿಂದ ಕಾಯ್ದೆ. ಉಪ್ಪಿನ ಗಾಳಿ ನೆನಪಾಗ್ಲಿಲ್ಲ ನೋಡು" ಎಂದು ಹಲುಬಿದರು. ನನಗೋ ರೇಗಿತು. "ಒಂದ್ಸಲ ಯಾರಿಗರೆ ಹಾಕ್ಕೊಳ್ಳಿಕ್ಕೆ ಕೊಟ್ಟಿದ್ರ ಅವತ್ತೇ ಗೊತ್ತಾಗ್ತಿತ್ತಲ್ರಿ. ಹೆಡ್‌ಫೋನ್ ಕೆಟ್ಟಿರಬಹುದು ಅಂತ ಅನಸ್ಲೇ ಇಲ್ಲೇನು?"

"ಅದನ್ನ ಅಷ್ಟು ಜೋಪಾನ ಮಾಡೀನಿ. ಅದು ಹ್ಯಾಂಗ ಕೆಡ್ತದ ತಂಗಿ? ಕಿವಿ ಆದ್ರ ವಯಸ್ಸಾದದ್ದು."

ಹೆದರಿಕೆ ಹೊಕ್ಕ ಮೇಲೆ ಬಲಗಡೆ ಕೂತು ಆಡಿದ ಮಾತೆಲ್ಲ ಅವರಿಗೆ ಸಣ್ಣಗೆ ಕೇಳಿಸತೊಡಗಿತ್ತಂತೆ. ಎಷ್ಟು ತಿಂಗಳು ಅದನ್ನು ಒಬ್ಬರೇ ನುಂಗಿಕೊಂಡಿದ್ದರೋ!

ಅದಾದ ಮೇಲೆ ಅವರು ಹೆಚ್ಚು ದಿನ ನಿಲ್ಲಲಿಲ್ಲ. "ಕಿವಿ ಉಳೀತು. ಇನ್ನ ಇದನ್ನ ಉಳಸಬೇಕು" ಎಂದು, ಉಪ್ಪುಗಾಳಿಯಿಲ್ಲದ ವಿಜಯವಾಡಕ್ಕೇ ಮರಳಿ ಹೊರಟರು. ಹೆಡ್‌ಫೋನಿಗಾಗಿ ಊರು ಬಿಟ್ಟವರು ಬೇರೆ ಯಾರಿದ್ದಾರೋ ನಾನು ಕಾಣೆ. ಅತ್ತೆ ಹಣೆ ಚಚ್ಚಿಕೊಂಡು ಸಾಮಾನು ಕಟ್ಟಿದರು.

ಬೀಳ್ಕೊಡಲು ಸ್ಟೇಷನ್ನಿಗೆ ಹೋದೆ. ಮಾಮಾ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ರೂಢಿಯಂತೆ ನಾನು ಅವರ ಎಡಕ್ಕೆ ಹೋದೆ. ಅವರು ತಲೆಯಾಡಿಸಿ, ಬಲಗಡೆಯ ಜಾಗವನ್ನು ಅಂಗೈಯಿಂದ ತಟ್ಟಿದರು.

"ಈ ಕಡೆ ಕೂಡು ಬಾ. ಸಣ್ಣಗೆ ಮಾತಾಡು."